ಸಕ್ಕರೆ ಇಳಿದರೆ ಕಣ್ಣು

ಶ್ರಾವಣದ ಎಳೆಬಿಸಿಲು ಪುಣೆಯ ವಾಕಡದ ನಮ್ಮ ಮನೆಯ ಗ್ಯಾಲರಿಗೆ ಇಳಿದಿರುವ ಈ ಬೆಳಗಿನಲ್ಲಿ, ಕಳೆದ ವರ್ಷದ ಕೆಲವು ಪ್ರಸಂಗಗಳನ್ನು ಬರೆದಿಡಲು ಕುಳಿತಿದ್ದೇನೆ. ಎಪ್ಪತ್ತು ದಾಟಿದ ಗೃಹಿಣಿಗೆ ಊಟದ ಪಾಠ ಹೇಳಹೊರಟ ಮನೆಯಲ್ಲಿ ಇಂಥವಕ್ಕೆ ಎಂದೂ ಬರವಿರುವುದಿಲ್ಲ.

ನನ್ನ ಹೆಂಡತಿಯ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ರಕ್ತದ ಸಕ್ಕರೆ ಇಳಿಯದೆ ಶಸ್ತ್ರಚಿಕಿತ್ಸೆ ಮಾಡಲಾರೆನೆಂದು ವೈದ್ಯರು ನುಡಿದಿದ್ದರು. ಮೊಮ್ಮಗಳು ಬಸುರಿ, ಹುಟ್ಟುವ ಕೂಸಿಗೆ ಕೌದಿ ಹೊಲಿಯಲೆಂದು ಹಳೆಯ ಸೀರೆಗಳನ್ನು ಕತ್ತರಿಸಿಟ್ಟುಕೊಂಡವಳಿಗೆ ಸೂಜಿಗೆ ದಾರ ಪೋಣಿಸುವುದೇ ಆಗದಾಗಿತ್ತು.

೧. ಕಾಶಿಯಲ್ಲಿ ಬಿಟ್ಟದ್ದು

ಆಸ್ಪತ್ರೆಯಲ್ಲಿ ಪಥ್ಯ ಹೇಳುವ ಮರಾಠಿ ತರುಣಿ ಉದ್ದನೆಯ ಚೀಟಿ ಬರೆದು, ಹಾಗಲಕಾಯಿಯಿಂದ ಆರಂಭಿಸಿರೆಂದಳು.

"ಹಾಗಲಕಾಯಿ ಕಾಶ್ಯಾಗ ಬಿಟ್ಟ ಬಂದೀನಂತ ಇಕಿಗೆ ಹೇಳ್ರಿ," ಎಂದಳು ನನ್ನವಳು.

ಕಾಶಿಗೆ ಹೋದವರು ತಮಗೆ ಪ್ರಿಯವಾದ ಪದಾರ್ಥವೊಂದನ್ನು ಅಲ್ಲಿ ತ್ಯಜಿಸಿ ಬರುವುದು ನಮ್ಮಲ್ಲಿ ವಾಡಿಕೆ. ನಾನು ಮಾವಿನಹಣ್ಣನ್ನು ಬಿಟ್ಟು ಮೂವತ್ತು ಬೇಸಿಗೆ ಪರಿತಪಿಸಿದವನು.

"ಹಾಗಲಕಾಯಿ ನಿನಗೆ ಎಂದು ಸೇರುತ್ತಿತ್ತು?" ಎಂದೆ.

"ಬಿಡೂ ಮುಂದ ಗಂಗಾತಾಯಿನೇ ಕೇಳಲಿಲ್ಲ. ನೀವ್ಯಾಕ ಕೇಳ್ತೀರಿ?"

೨. ರುಚಿ ನೋಡಿದ್ದು

ಮೈಸೂರಿನ ಕಡೆಯವಳಾದ ಸೊಸೆ, ಅತ್ತೆ ತಿಂದದ್ದನ್ನೆಲ್ಲ ಕೇಳಿಕೇಳಿ ಮೊಬೈಲಿನಲ್ಲಿ ದಾಖಲಿಸತೊಡಗಿದಳು. ವಾರ ಕಳೆಯಿತು. ದಾಖಲೆ ನಿಷ್ಕಳಂಕವಾಗಿತ್ತು, ಸಕ್ಕರೆ ಮಾತ್ರ ಏರಿತ್ತು.

"ಅತ್ತೆ, ನಿನ್ನೆ ಹೋಳಿಗೆ ತಿಂದ್ರಲ್ಲಾ, ಯಾಕೆ ಎಂಟ್ರಿ ಮಾಡಿಸ್ಲಿಲ್ಲ?"

"ತಿಂದಿಲ್ಲವ್ವಾ. ಒಲಿ ಮುಂದ ನಿಂತು ರುಚಿ ನೋಡೀನಿ."

"ಎರಡು ಹೋಳಿಗೆನಾ?"

"ಮೊದಲನೇದ್ದು ಹರದಿತ್ತು. ಹರದದ್ದರ ಮ್ಯಾಲಿಂದ ರುಚಿ ಹೆಂಗ ಹೇಳೂದು?"

೩. ಪಕ್ಕದ ಒಲೆ

ನಮ್ಮ ಪಕ್ಕದಲ್ಲಿ ಆಗ ಕಟ್ಟಡವೊಂದು ಏಳುತ್ತಿತ್ತು. ಯಾದಗಿರಿಯ ಕಡೆಯಿಂದ ದುಡಿಯಲು ಬಂದ ಹೆಣ್ಣುಮಗಳೊಬ್ಬಳು ಮಧ್ಯಾಹ್ನ ತಗಡಿನ ಜೋಪಡಿಯ ಮುಂದೆ ಜೋಳದ ರೊಟ್ಟಿ ಬಡಿಯುತ್ತಿದ್ದಳು. ನಾವು ಪುಣೆಗೆ ಬಂದು ಚಪಾತಿಗೆ ಒಗ್ಗಿದ ಮೇಲೆ ನಮ್ಮ ಮನೆಯಲ್ಲಿ ಆ ಸದ್ದು ಅಡಗಿ ನಾಲ್ವತ್ತು ವರುಷ. ತವರಿನಲ್ಲಿ ತನ್ನವ್ವನ ಬಳೆಗಳೂ ಅದೇ ತಾಳಕ್ಕೆ ನುಡಿಯುತ್ತಿದ್ದುವೆಂದು ಹೇಳುತ್ತ, ನನ್ನವಳು ಒಂದು ದಿನ ನನ್ನ ತೋಳು ಹಿಡಿದು ಕೆಳಗಿಳಿದಳು.

"ಬರ್ರಿ ಅಮ್ಮಾರ, ಬಿಸಿ ಅದ," ಎಂದು ಆ ಹೆಣ್ಣುಮಗಳು ರೊಟ್ಟಿಯ ಮೇಲೆ ಪುಂಡಿಸೊಪ್ಪಿನ ಪಲ್ಯವಿಟ್ಟು ಕೊಟ್ಟಳು.

ಪೂರ್ತಿ ಉಂಡು ಕೈತೊಳೆದ ಮೇಲೆ ನನ್ನವಳ ಅಭಿಪ್ರಾಯ ಹೊರಟಿತು: "ಭಾಳ ಚಲೋ ಅದ ತಂಗಿ. ಅಂಚು ದಪ್ಪಾಗ್ಯದ."

"ಹಂಗಾರ ನಾಳೆ ನೀವ ಬಡೀರಿ!"

ಮರುದಿನ ಹಿಟ್ಟು ನಮ್ಮ ಮನೆಯಿಂದಲೇ ಹೋಯಿತು. ಕಣ್ಣು ಕಾಣದಿದ್ದರೂ ಕೈ ಮರೆತಿರಲಿಲ್ಲ. ಅಂದಿನಿಂದ ನಿತ್ಯವೂ ಮಧ್ಯಾಹ್ನ ಅಲ್ಲಿಯೇ ಊಟ: ರೊಟ್ಟಿ, ಸೊಪ್ಪು, ಕಾಳು. ಜೋಪಡಿಯಲ್ಲಿ ಅವಳ ಮಕ್ಕಳಿದ್ದರು; ಮಕ್ಕಳಿರುವಲ್ಲಿಗೆ ಬರಿಗೈಯಲ್ಲಿ ಹೋಗಬಾರದೆಂದು ಮನೆಯ ಸಿಹಿ ಉಂಡಿಗಳೂ ಒಂದೊಂದಾಗಿ ಕೆಳಗಿಳಿದುವು. ಅತ್ತೆಯ ಈ ಪಥ್ಯ ಹಗಲು ಕೆಲಸಕ್ಕೆ ಹೋಗುವ ಸೊಸೆಗೆ ತಿಳಿಯಲಿಲ್ಲ; ನಾನು ಸಂಜೆಯ ಚಹಾದೊಂದಿಗೆ ಉಂಡಿ ಹುಡುಕಿದಾಗ ನನಗೆ ತಿಳಿಯಿತು.

೪. ವೈದ್ಯರ ಪ್ರಶ್ನೆ

ಮೂರು ತಿಂಗಳಲ್ಲಿ ಸಕ್ಕರೆ ಇಳಿದಿತ್ತು. ವೈದ್ಯರು ಹಿಗ್ಗಿ, ಪಥ್ಯದ ತರುಣಿಯನ್ನೂ ಕರೆಸಿ, ಆ ಚೀಟಿಯನ್ನು ಇಷ್ಟು ನಿಷ್ಠೆಯಿಂದ ಪಾಲಿಸಿದ್ದು ಹೇಗೆಂದು ಮರಾಠಿಯಲ್ಲಿ ಕೇಳಿದರು.

ನನ್ನವಳು ನನ್ನತ್ತ ತಿರುಗಿದಳು. "ಮೊದಲಿಗೆ ಕಣ್ಣು ಮಾಡ್ಲಿಕ್ಕೆ ಹೇಳ್ರಿ. ಆಮ್ಯಾಲ ಚೀಟಿ ಓದತೀನಿ."

ಮರುವಾರ ಒಂದು ಕಣ್ಣಿನ, ಮುಂದಿನ ತಿಂಗಳು ಇನ್ನೊಂದರ ಚಿಕಿತ್ಸೆಯಾಯಿತು. ಕೂಸು ಬರುವ ಹೊತ್ತಿಗೆ ಕೌದಿ ಸಿದ್ಧವಿತ್ತು. ಕಟ್ಟಡ ಮುಗಿದು ಆ ಹೆಣ್ಣುಮಗಳು ಇನ್ನೊಂದು ಕಟ್ಟಡದ ಕೆಲಸಕ್ಕೆ ಶಿರೂರಿನ ಕಡೆಗೆ ಹೋದಳು. ರೊಟ್ಟಿಯ ಸದ್ದು ನಮ್ಮ ಅಡುಗೆಮನೆಯಲ್ಲಿ ಉಳಿಯಿತು. ನನ್ನ ಅನ್ನದ ಮೇಲಿನ ತುಪ್ಪವೂ ಈಗ ನನ್ನವಳಿಗೆ ಸ್ಪಷ್ಟವಾಗಿ ಕಾಣುವುದರಿಂದ, ಅದು ಅರ್ಧ ಚಮಚಕ್ಕೆ ಇಳಿದಿದೆ.