ಮಾವನವರಿಗೆ ನಾನು ಹೇಳಿದ ಕಪ್ಪು ಸಿನಿಮಾ

ಇಂಗ್ಲಿಷ್ ಮೇಷ್ಟ್ರಾದವನಿಗೆ ಇಂಗ್ಲಿಷ್ ತಿಳಿಯದೆ ಹೋಗುವ ಹಕ್ಕು ಇರುವುದಿಲ್ಲ. ಗಣಿತದ ಮೇಷ್ಟ್ರು ಸಂತೆಯಲ್ಲಿ ಲೆಕ್ಕ ತಪ್ಪಿದರೆ ಜನ ನಕ್ಕು ಸುಮ್ಮನಾಗುತ್ತಾರೆ, ಡ್ರಿಲ್ ಮಾಸ್ತರರು ಮೆಟ್ಟಿಲು ಹತ್ತಿ ಏದುಸಿರು ಬಿಟ್ಟರೆ ವಯಸ್ಸಾಯಿತು ಅನ್ನುತ್ತಾರೆ. ಆದರೆ ಬೈಲಹೊಂಗಲದಲ್ಲಿ ಇಪ್ಪತ್ತಾರು ವರ್ಷ ಇಂಗ್ಲಿಷ್ ಕಲಿಸಿದ ನನ್ನಂಥವನು ಔಷಧದ ಡಬ್ಬಿಯ ಮೇಲಿನ ಒಂದು ಶಬ್ದಕ್ಕೆ ತಡವರಿಸಿದರೂ, ಹಾಗಾದರೆ ಇಷ್ಟು ವರ್ಷ ನಮ್ಮ ಮಕ್ಕಳಿಗೆ ಏನು ಕಲಿಸಿದಿರಿ ಎಂಬಂತೆ ನೋಡುತ್ತಾರೆ. ಹೀಗಾಗಿ ನಾನು ತಡವರಿಸುವುದನ್ನೇ ಬಿಟ್ಟಿದ್ದೇನೆ. ಗೊತ್ತಿದ್ದರೂ ಗೊತ್ತಿಲ್ಲದಿದ್ದರೂ ಒಂದೇ ದನಿಯಲ್ಲಿ ಉತ್ತರ ಕೊಡುತ್ತೇನೆ. ಈ ಧೈರ್ಯ ನನ್ನನ್ನು ಎಂದೂ ಕೈಬಿಟ್ಟಿರಲಿಲ್ಲ, ನಮ್ಮ ಮಾವನವರನ್ನು ಆ ಕಪ್ಪು ಸಿನಿಮಾಕ್ಕೆ ಕರೆದುಕೊಂಡು ಹೋಗುವವರೆಗೆ.

ಅದು ನಾನು ಓದಿರದ ಒಂದು ಕಾಮಿಕ್ಸ್ ಪುಸ್ತಕದಿಂದ ತೆಗೆದ ಸಿನಿಮಾ. ಉಕ್ಕಿನ ಮುಖವಾಡ, ಮೊಳಕಾಲು ದಾಟುವ ಕರಿ ಕೋಟು, ನಗು ಎಂಬುದನ್ನೇ ಅರಿಯದ ನಾಯಕ. ಇಂಥ ಪುಸ್ತಕಗಳೆಂದರೆ ಚಿಕ್ಕಂದಿನಿಂದಲೂ ನನಗೆ ಪ್ರಾಣ. ರಾಮದುರ್ಗದಲ್ಲಿ ಶಾಲೆಗೆ ಹೋಗುವಾಗ ನನಗೊಂದು ರಟ್ಟು ಹರಿದ ಇಂಗ್ಲಿಷ್ ಪುಸ್ತಕ ಸಿಕ್ಕಿತ್ತು. ಒಂದಕ್ಷರ ತಿಳಿಯದಿದ್ದರೂ ಚಿತ್ರ ನೋಡಿ ನಾನೇ ಕಥೆ ಕಟ್ಟಿ ಗೆಳೆಯರಿಗೆ ಹೇಳುತ್ತಿದ್ದೆ. ಮುಂದೆ ಇಂಗ್ಲಿಷ್ ಕಲಿತು ಅದನ್ನೇ ಓದಿದಾಗ, ಬರೆದವನಿಗಿಂತ ನಾನೇ ಚೆನ್ನಾಗಿ ಹೇಳಿದ್ದೆ ಅನ್ನಿಸಿತು. ಈಗ ಐವತ್ತು ದಾಟಿದವನು ಇಂಥದಕ್ಕೆ ಹೋಗುತ್ತೇನೆಂದರೆ ಸ್ಟಾಫ್ ರೂಮಿನಲ್ಲಿ ನಗುತ್ತಾರೆಂದು, "ಭಾಷಾಶುದ್ಧಿಗೆ ಮೂಲ ಇಂಗ್ಲಿಷಿನಲ್ಲೇ ನೋಡಬೇಕು" ಎಂದು ಗಂಭೀರವಾಗಿ ಹೇಳಿಟ್ಟಿದ್ದೆ.

ನೋಡಬೇಕೆಂದಿದ್ದ ಭಾನುವಾರ ಮನೆಯಲ್ಲಿದ್ದವರು ನಾನು ಮತ್ತು ಮಾವನವರು ಮಾತ್ರ. ಹೆಂಡತಿ ಸುಮಾ ಸಂಬಂಧಿಕರ ಸೀಮಂತಕ್ಕೆಂದು ಸವದತ್ತಿಗೆ ಹೋಗಿದ್ದಳು. ಮಗಳು ಅಪರ್ಣಾ ಧಾರವಾಡದ ಹಾಸ್ಟೆಲ್ಲಿನಲ್ಲಿದ್ದಳು. ಮಾವನವರು ದೇಗಾಂವದವರು, ಸಂಸ್ಕೃತ ಪಾಠ ಹೇಳಿ ನಿವೃತ್ತರಾದವರು, ಎಪ್ಪತ್ತೆಂಟರ ಹಿರಿಯರು. ಬಲಗಣ್ಣಿನ ಪೊರೆ ತೆಗೆಸಿ ಎಂಟು ದಿನವಾಗಿತ್ತು, ಎಡಗಣ್ಣಿನ ಪೊರೆ ಇನ್ನೂ ಹಾಗೇ ಇತ್ತು. ಮುಖದ ಮೇಲೆ ಡಾಕ್ಟರು ಕೊಟ್ಟ ಕರಿ ಕನ್ನಡಕ. ನಾಲ್ಕು ತಾಸಿಗೊಮ್ಮೆ ಹನಿ ಹಾಕುವ ಕೆಲಸವನ್ನು ಸುಮಾ ನನಗೆ ವಹಿಸಿ, "ಅಪ್ಪಾರನ್ನ ಒಬ್ಬರನ್ನ ಬಿಟ್ಟು ಎಲ್ಲೂ ಹೋಗಬ್ಯಾಡ್ರಿ" ಎಂದು ಎಚ್ಚರಿಸಿದ್ದಳು. ನಾನು ಅಂಗಳದಲ್ಲಿ ಅತ್ತಿಂದಿತ್ತ ಅಡ್ಡಾಡುತ್ತಿರುವುದು ಅವರಿಗೆ ಕೇಳಿಸಿರಬೇಕು. ನನ್ನ ಬಾಯಿಂದ ಸಂಗತಿ ಹೊರಡಿಸಿದರು.

"ಇಷ್ಟ ಏನು? ನಾನೂ ಬರ್ತೇನಿ ನಡೀರಿ ಅಳಿಯಂದ್ರ. ಕಣ್ಣಿಲ್ಲದಿದ್ರ ಏನಾತು, ಕಿವಿ ಅವ ಅಲ್ಲ? ನೀವು ಹೇಳ್ರಿ, ನಾ ಕೇಳ್ತೇನಿ."

ಒಬ್ಬರನ್ನೇ ಬಿಟ್ಟು ಹೋಗಬೇಡ ಎಂದಿದ್ದಳೇ ಹೊರತು ಕರೆದುಕೊಂಡು ಹೋಗಬೇಡ ಎಂದಿರಲಿಲ್ಲ. ಮಧ್ಯಾಹ್ನದ ಆಟಕ್ಕೆ ಹೋಗಿ ಕುಳಿತೆವು. ನಮ್ಮ ಮುಂದಿನ ಸಾಲಿನಲ್ಲಿ ಮೆಹಬೂಬ ಸಿಕ್ಕ. ಸವದತ್ತಿಗೂ ಬೈಲಹೊಂಗಲಕ್ಕೂ ಟೆಂಪೋ ಹೊಡೆಯುವವನು, ಅವನ ಮಗಳು ನನ್ನ ವಿದ್ಯಾರ್ಥಿನಿ. ಹೆಂಡತಿ, ಅತ್ತಿಗೆಯರೊಂದಿಗೆ ಸಾಲು ತುಂಬ ಬಂದಿದ್ದ.

ಸಿನಿಮಾ ಶುರುವಾಯಿತು. ಶುರುವಾಯಿತೆಂಬುದು ಸದ್ದಿನಿಂದ ಗೊತ್ತಾಯಿತೇ ಹೊರತು ಪರದೆಯಿಂದಲ್ಲ. ಅಷ್ಟು ಕತ್ತಲೆ. ಕತ್ತಲೆಯಲ್ಲಿ ಮಳೆ, ಮಳೆಯಲ್ಲಿ ಕರಿ ಕೋಟು. ಕರಿ ಕನ್ನಡಕ ಹಾಕಿದ ಮಾವನವರಿಗೂ ನನಗೂ ಹೆಚ್ಚು ವ್ಯತ್ಯಾಸವೇ ಇರಲಿಲ್ಲ. ನಾಯಕ ಬಾಯಿ ತೆರೆದ. ಉಕ್ಕಿನ ಮುಖವಾಡದೊಳಗಿಂದ ಹಿಟ್ಟಿನ ಗಿರಣಿ ತಿರುಗಿದಂಥ ದನಿಯಲ್ಲಿ ಒಂದು ನಿಮಿಷ ಮಾತಾಡಿದ. ನನಗೆ ತಿಳಿದದ್ದು ಎರಡೇ ಶಬ್ದ. ಒಂದು 'ಊರು', ಇನ್ನೊಂದು 'ಎಂದಿಗೂ ಇಲ್ಲ'.

"ಏನಂದಾ?" ಎಂದರು ಮಾವನವರು.

"ಈ ಊರನ್ನ ನಾ ಎಂದೂ ಬಿಟ್ಟು ಹೋಗೂದಿಲ್ಲ ಅಂದ್ರಿ" ಎಂದೆ, ಒಂದಿಷ್ಟೂ ಅಳುಕದೆ.

"ಛಲೋ ಹುಡುಗ. ಅಲ್ಲಾ, ಈ ಮಳಿ ಯಾಕ ನಿಂದ್ರವಲ್ದು?"

"ಆ ಊರಾಗ ಹಂಗs ಅದರಿ, ವರ್ಷಾಪೂರ್ತಿ ಮಳಿ."

ಮುಂದಿನ ಸಾಲಿನಿಂದ ಮೆಹಬೂಬ ತಿರುಗಿದ. ಮೆತ್ತಗೆ ಮಾತಾಡಿ ಅನ್ನುತ್ತಾನೆಂದು ನಾಚಿದೆ. ಅವನು, "ಸರ್ರ, ಸ್ವಲ್ಪ ಜೋರ ಹೇಳ್ರಿ. ನಮ್ಮ ಮಂದಿಗೂ ಕೇಳ್ಲಿ" ಎಂದ.

ಅಲ್ಲಿಗೆ ನಾನು ಎರಡು ಸಾಲಿಗೆ ಕಥೆ ಹೇಳುವವನಾದೆ. ಕ್ಲಾಸಿನ ದನಿ ತಾನಾಗಿಯೇ ಬಂತು. ನಾಯಕ ಗುರುಗುಟ್ಟಿದ್ದಕ್ಕೆಲ್ಲ ನನ್ನ ಬಳಿ ಅರ್ಥವಿತ್ತು. ಪೊಲೀಸ್ ಅಧಿಕಾರಿ ಆರು ಮಾತಾಡಿದರೆ ನಾನು ಒಂಬತ್ತು ಹೇಳಿದೆ. ತೆಳ್ಳಗಿನ ಒಬ್ಬ ಯುವಕ ಪದೇಪದೇ ನಾಯಕನ ಹಿಂದೆ ಬರುತ್ತಿದ್ದ. ಯಾರು ಎಂದು ಮಾವನವರು ಕೇಳಿದಾಗ, ನಾಯಕ ಒಮ್ಮೆ ಮುಖವಾಡ ತೆಗೆದಾಗ ಕಂಡಿದ್ದ ಮೂಗಿನ ಹೋಲಿಕೆಯಿಂದ "ತಮ್ಮ" ಎಂದುಬಿಟ್ಟೆ. ಮೆಹಬೂಬನ ಹೆಂಡತಿ "ಹೌದ್ರಿ, ಮಾರಿ ಹಂಗs ಐತಿ" ಎಂದು ಒಪ್ಪಿದರು. ಆ ಕ್ಷಣದಿಂದ ಮಾವನವರಿಗೆ ನಾಯಕ ಬೇಡವಾದ. "ತಮ್ಮ ಎಲ್ಲಿ ಹೋದ? ತಮ್ಮಗ ಊಟ ಆತೇನು?" ಎಂದು ಅವನನ್ನೇ ವಿಚಾರಿಸತೊಡಗಿದರು.

ಮಧ್ಯಂತರದಲ್ಲಿ ದೀಪದ ಕೆಳಗೆ ಅವರನ್ನು ನಿಲ್ಲಿಸಿ ಹನಿ ಹಾಕಿದೆ. ಕೆನ್ನೆಯ ಮೇಲೆ ಎರಡು ಹನಿ ಇಳಿದವು. ಗಿರಮಿಟ್ ತಿನ್ನುತ್ತಿದ್ದ ಹೆಣ್ಣುಮಗಳೊಬ್ಬಳು, "ಪಾಪ, ಅಜ್ಜಾರು ಈಗs ಇಷ್ಟು ಅಳಾಕತ್ಯಾರ, ಮುಂದ ಹೆಂಗೋ" ಎಂದಳು. ನಾವಿಬ್ಬರೂ ನಕ್ಕೆವು.

ಮುಂದಿನದು ನಗುವಂಥದ್ದಾಗಿರಲಿಲ್ಲ. ಎತ್ತರದ ಕಟ್ಟಡದ ಮೇಲೆ ಹೊಡೆದಾಟ ನಡೆದು ಆ ಯುವಕ ಕೆಳಗೆ ಬಿದ್ದ. ನಾಯಕ ಓಡಿ ಬಂದು ಅವನನ್ನು ತೊಡೆಯ ಮೇಲೆ ಹಾಕಿಕೊಂಡ. ಮುಖವಾಡವಿಲ್ಲದ ಒಬ್ಬ ಡಾಕ್ಟರು ಬಂದು ನಾಡಿ ಹಿಡಿದು ನೋಡಿ ಒಂದು ವಾಕ್ಯ ಹೇಳಿದ. ಮೂರೇ ಶಬ್ದ. ನಮ್ಮ ಶಾಲೆಯ ಆರನೇ ಇಯತ್ತೆಯ ಮಕ್ಕಳಿಗೂ ತಿಳಿಯುವಷ್ಟು ಸ್ವಚ್ಛ ಇಂಗ್ಲಿಷ್.

"ಏನಾತು?" ಎಂದರು ಮಾವನವರು.

ಈ ಪ್ರಶ್ನೆಯನ್ನು ಇದೇ ದನಿಯಲ್ಲಿ ಅವರು ನನಗೆ ಹಿಂದೊಮ್ಮೆ ಕೇಳಿದ್ದರು. ಹೋದ ವರ್ಷ ಶ್ರಾವಣದಲ್ಲಿ, ಅವರ ತಮ್ಮ ಭೀಮಕಾಕಾ ತೀರಿಕೊಂಡ ಸುದ್ದಿ ಮೊದಲು ಬಂದದ್ದು ನನ್ನ ಫೋನಿಗೆ. ಮಾವನವರು ದಾಸವಾಳದ ಗಿಡಕ್ಕೆ ನೀರು ಹಾಕುತ್ತಿದ್ದರು. ನನ್ನ ಮುಖ ನೋಡಿ "ಏನಾತು?" ಎಂದರು. ಸ್ಪಷ್ಟವಾಗಿ ಮಾತಾಡುವುದೇ ನನ್ನ ಹೆಚ್ಚುಗಾರಿಕೆಯಲ್ಲವೇ? ಪಾಠ ಒಪ್ಪಿಸಿದಂತೆ ಹೇಳಿಬಿಟ್ಟೆ. ಅವರು ತಂಬಿಗೆಯಲ್ಲಿ ಉಳಿದಿದ್ದ ನೀರನ್ನು ಗಿಡಕ್ಕೆ ಪೂರ್ತಿ ಹಾಕಿ, ತಂಬಿಗೆ ಬೋರಲು ಇಟ್ಟು ಒಳಗೆ ಹೋದರು. ಬೇರೆ ರೀತಿಯಲ್ಲಿ ಹೇಳಬಹುದಿತ್ತು ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

"ಅಳಿಯಂದ್ರ, ಏನಾತು? ತಮ್ಮ ಉಳದ್ನೋ ಇಲ್ಲೋ?"

"ಉಳದಾನ್ರಿ" ಎಂದೆ. "ಮೂರ್ಛಿ ಹೋಗ್ಯಾನಂತ. ಡಾಕ್ಟರು ಹೇಳಿದ್ರು."

ಅವರು ನನ್ನ ಮೊಣಕೈ ಹಿಡಿದುಕೊಂಡು "ಉಳದ್ನಲ್ಲಾ, ಸಾಕು" ಎಂದರು. ಅಷ್ಟಕ್ಕೇ ಬಿಟ್ಟಿದ್ದರೆ ಒಳ್ಳೆಯದಿತ್ತು. ಆದರೆ ಸಿನಿಮಾದವರು ಮರುಕ್ಷಣವೇ ಆ ಯುವಕನನ್ನು ಶವಪೆಟ್ಟಿಗೆಯಲ್ಲಿ ಮಲಗಿಸಿ, ಕರಿ ಕೊಡೆ ಹಿಡಿದ ನೂರು ಜನರನ್ನು ಸುತ್ತ ನಿಲ್ಲಿಸಿದರು. ಮೆಹಬೂಬ ತಿರುಗಿದ.

"ಸರ್ರ, ಮಣ್ಣ ಮಾಡೂ ಪೆಟಗಿ ಐತೆಲ್ರಿ ಅದು?"

ನನ್ನ ಇಡೀ ಸರ್ವಿಸ್ಸಿನಲ್ಲಿ ಅಷ್ಟು ಕಠಿಣವಾದ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. "ಖಾಲಿ ಪೆಟಗಿ ಅದು" ಎಂದೆ. "ವೈರಿಗೆ ಮೋಸ ಮಾಡಾಕ ಹೂಡಿದ ಆಟ."

ಮೆಹಬೂಬ ನನ್ನನ್ನು ನೋಡಿದ. ನನ್ನ ಮೊಣಕೈಯನ್ನು ಇನ್ನೂ ಹಿಡಿದುಕೊಂಡಿದ್ದ ಮಾವನವರ ಕೈ ನೋಡಿದ. ಆಮೇಲೆ ಅವರಿಗೂ ಕೇಳುವಂತೆ, "ಹೌದ್ರಿ ಅಜ್ಜಾರ, ಖಾಲಿನs ಐತಿ. ನನಗ ಇಲ್ಲಿಂದ ಛಲೋ ಕಾಣಸ್ತೈತಿ" ಎಂದ. ಪಕ್ಕದಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದ ಹೆಂಡತಿಗೆ ಮೆಲ್ಲಗೆ ಮೊಣಕೈಯಿಂದ ತಿವಿದದ್ದು ನನಗೆ ಕಂಡಿತು.

ಇದಾಗಿ ಎರಡು ತಿಂಗಳಿಗೆ ಮಾವನವರ ಎಡಗಣ್ಣಿನದೂ ಆಯಿತು. ಹೊಸ ಚಷ್ಮಾ ಬಂತು. ರಜೆಗೆ ಬಂದ ಅಪರ್ಣಾ, "ಅಜ್ಜಾ, ನೀವು ಕೇಳಿದ ಸಿನಿಮಾ ಈಗ ಟಿವಿಯೊಳಗ ಕನ್ನಡದಾಗ ಬಂದದ, ನೋಡೋಣು ಬರ್ರಿ" ಎಂದು ಹಚ್ಚಿಬಿಟ್ಟಳು. ನನಗೆ ತಕ್ಷಣ ಪೇಟೆಯಲ್ಲಿ ಕೆಲಸ ನೆನಪಾಯಿತು. ಚಪ್ಪಲಿ ಹುಡುಕುತ್ತಿದ್ದವನನ್ನು ಮಾವನವರು, "ಎಲ್ಲಿಗೆ ಹೊಂಟ್ರಿ? ಕೂಡ್ರಿ" ಎಂದು ಪಕ್ಕದಲ್ಲೇ ಕೂಡಿಸಿಕೊಂಡರು. ಎರಡೂವರೆ ತಾಸು ಕದಲದೆ ನೋಡಿದರು. ಯುವಕ ಬಿದ್ದ. ಡಾಕ್ಟರು ಈ ಸಲ ಕನ್ನಡದಲ್ಲೇ ಹೇಳಿದ. ಪೆಟ್ಟಿಗೆಯೂ ಬಂತು. ಸಾಲದ್ದಕ್ಕೆ ಅಪರ್ಣಾ, ಅವನು ನಾಯಕನ ತಮ್ಮನೇ ಅಲ್ಲ, ಪತ್ರಿಕೆಯ ವರದಿಗಾರ, ಪುಸ್ತಕದಲ್ಲೂ ಹಾಗೇ ಇದೆ ಎಂದು ವಿವರಿಸಿ ಚಹಾ ಮಾಡಲು ಎದ್ದು ಹೋದಳು. ನಾನು ಗೋಡೆಯ ಕ್ಯಾಲೆಂಡರನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದೆ.

ಮಾವನವರು ಚಷ್ಮಾ ತೆಗೆದು ಧೋತರದ ತುದಿಯಿಂದ ಒರೆಸಿದರು. "ಅವತ್ತs ಗೊತ್ತಾಗಿತ್ತು ನನಗ" ಎಂದರು. "ಪೆಟಗಿ ಮ್ಯಾಲೆ ಮಣ್ಣು ಬಿದ್ದ ಸಪ್ಪಳ ಕೇಳಿದ್ದೆ. ಖಾಲಿ ಪೆಟಗಿ ಸಪ್ಪಳ ಹಂಗ ಇರೂದಿಲ್ಲ."

"ಮತ್ತ ಅವತ್ತ ಯಾಕ ಸುಮ್ಮನಿದ್ರಿ?"

"ಎರಡು ಸಾಲು ಮಂದಿ ಕಿವಿಗೊಟ್ಟು ಕೂತಿದ್ರು. ಅದರಾಗ ನಿಮ್ಮ ವಿದ್ಯಾರ್ಥಿ ಮನಿಯವ್ರು ಬ್ಯಾರೆ. ಅವರ ಮುಂದ ನಿಮ್ಮ ಇಂಗ್ಲಿಷ್ ತಪ್ಪು ಅದ ಅಂತ ಹೆಂಗ ಹೇಳ್ಲಿ?" ನನ್ನ ಭುಜ ತಟ್ಟಿದರು. "ಇರ್ಲಿ ಬಿಡ್ರಿ. ಆ ಡಾಕ್ಟರ್ ಅಂದದ್ದು ಭಾಳ ಕಠಿಣ ಇಂಗ್ಲಿಷ್ ಇತ್ತೇನೋ."

ಇಡೀ ಸಿನಿಮಾದಲ್ಲಿ ನನಗೆ ಪೂರ್ತಿ ತಿಳಿದ ವಾಕ್ಯ ಅದೊಂದೇ ಆಗಿತ್ತು. ತಿಳಿದಿತ್ತು ಎಂದರೆ, ಮತ್ತೆ ಸುಳ್ಳು ಯಾಕೆ ಹೇಳಿದಿರಿ ಎಂದು ಕೇಳುತ್ತಾರೆ. ಅದಕ್ಕೆ ಉತ್ತರ ಕೊಡುವ ಧೈರ್ಯ ನನಗಿರಲಿಲ್ಲ. ಚಹಾ ಹಿಡಿದು ಬಾಗಿಲಲ್ಲಿ ನಿಂತಿದ್ದ ಮಗಳಿಗೂ ಕೇಳುವಂತೆ, ಜೀವನದಲ್ಲಿ ಮೊಟ್ಟಮೊದಲ ಸಲ ಒಪ್ಪಿಕೊಂಡೆ:

"ಹೌದ್ರಿ, ಭಾಳ ಕಠಿಣ ಇತ್ತು. ತಿಳೀಲೇ ಇಲ್ಲ ನನಗ."