ನಾನು ಭಕ್ತನಲ್ಲ, ಅಭಿಮಾನಿ!

ಹೆಂಡತಿ ನನ್ನನ್ನು 'ಭಕ್ತ' ಎಂದಾಗ ಮೈಯೆಲ್ಲ ಉರಿದುಹೋಯಿತು. ನಮ್ಮೂರಿನ ಫುಟ್‌ಬಾಲ್ ತಂಡ ಸೋತಾಗಲೆಲ್ಲ ನಾನು ಊಟ ಬಿಡುತ್ತೇನಂತೆ. (ಬಿಡುತ್ತೇನೆ, ನಿಜ. ಹಸಿವಿರುವುದಿಲ್ಲ, ಅಷ್ಟೇ.)

"ನೋಡು, ಅಭಿಮಾನಿ ಬೇರೆ, ಭಕ್ತ ಬೇರೆ," ಎಂದು ಭಾನುವಾರ ಟಿವಿ ಮುಂದೆ ಕುಳಿತು ಪ್ರವಚನ ಆರಂಭಿಸಿದೆ. "ಅಭಿಮಾನಿಗೆ ತಲೆ ಇರುತ್ತೆ, ಪ್ರಶ್ನೆ ಕೇಳ್ತಾನೆ. ಭಕ್ತ ಹೇಳಿದ್ದಕ್ಕೆಲ್ಲ ಗೋಣು ಆಡಿಸ್ತಾನೆ. ಮೊಬೈಲಲ್ಲಿ ಬರೋ ಆರೋಗ್ಯದ ಮೇಡಂ ಹೇಳಿದ್ರು ಅಂತ ವಾರಗಟ್ಟಲೆ ಉಪ್ಪಿಲ್ಲದ ಅಡುಗೆ ಮಾಡಿದ್ಯಲ್ಲ, ಅದು ಭಕ್ತಿ!"

"ಓಹೋ," ಎಂದಳು. ಆ 'ಓಹೋ' ಶುಭಲಕ್ಷಣವಲ್ಲವೆಂದು ಮದುವೆಯಾದವರಿಗೆಲ್ಲ ಗೊತ್ತು.

ಅಂದಿನ ಪಂದ್ಯ ಸೋತರೆ ತಂಡ ಕೆಳದರ್ಜೆಗೆ ಇಳಿಯುವುದಿತ್ತು. ಅಡುಗೆಮನೆಯಲ್ಲಿ ಪ್ಲಂಬರ್ ಕೆಲಸದ ನನ್ನ ಭಾವಮೈದುನ ಸಿಂಕಿನ ಕೆಳಗೆ ಅಂಗಾತ ಮಲಗಿ ಪೈಪು ಬಿಗಿಯುತ್ತಿದ್ದ. ಅತ್ತೆ ಟಾರ್ಚ್ ಹಿಡಿದು ಬಗ್ಗಿ ನಿಂತಿದ್ದರು. ಅಷ್ಟರಲ್ಲಿ ಗೋಲ್! ನಮ್ಮದೇ!

"ಯಾರೂ ಅಲ್ಲಾಡಬೇಡಿ!" ಎಂದು ಕಿರುಚಿದೆ. ಗೋಲಾದಾಗ ಯಾರು ಹೇಗಿದ್ದರೋ ಪಂದ್ಯ ಮುಗಿಯುವವರೆಗೆ ಹಾಗೇ ಇರಬೇಕು. (ಇದು ಭಕ್ತಿಯಲ್ಲ, ಅನುಭವ.)

"ಭಾವ, ಮೂಗಿನ ಮೇಲೆ ನೀರು ತೊಟ್ಟಿಕ್ತಿದೆ!"

"ಸ್ವಲ್ಪ ಸಹಿಸ್ಕೊಳ್ಳಪ್ಪ, ಊರಿನ ಮರ್ಯಾದೆ!"

"ಅಳಿಯಂದ್ರೇ, ನನ್ನ ಸೊಂಟ..."

"ಅತ್ತೆ, ನಿಮ್ಮ ಸೊಂಟದ ಮೇಲೇ ತಂಡ ನಿಂತಿದೆ!"

ಹೆಂಡತಿ ಮಾತ್ರ ತನ್ನ ಪಾಡಿಗೆ ಬಟಾಣಿ ಸುಲಿಯುತ್ತಿದ್ದಳು. ಕೊನೆಗೂ ಸೀಟಿ ಕೇಳಿಸಿತು. ಗೆದ್ದೆವು! ನಾನು ಕುಣಿದೆ, ಅತ್ತೆ ಸೊಂಟ ಹಿಡಿದು ಕುರ್ಚಿಗೆ ಕುಸಿದರು, ಭಾವಮೈದುನ ಒದ್ದೆ ಬೆಕ್ಕಿನಂತೆ ಹೊರಬಂದ.

"ರೀ, ಮ್ಯಾಚ್ ನಡೆದಿದ್ದು ನಿನ್ನೆ," ಎಂದಳು ಹೆಂಡತಿ. "ನೀವು ಅಂಗಡೀಲಿ ಗಿರಾಕಿಗಳ ಕಣ್ಣು ನೋಡ್ತಿದ್ದಾಗ್ಲೇ ಗೆದ್ದಾಯ್ತು. ಟಿವಿ ಮೂಲೇಲಿ 'ಮರುಪ್ರಸಾರ' ಅಂತ ಹಾಕಿದ್ದಾರಲ್ಲ!"

ಊರಿಗೆಲ್ಲ ಕನ್ನಡಕ ಮಾರುವ ನನಗೆ ಅದು ಕಂಡಿರಲಿಲ್ಲ.

"ಮೊದಲೇ ಹೇಳೋಕೇನಾಗಿತ್ತಕ್ಕ?" ಭಾವಮೈದುನ ಹರಿಹಾಯ್ದ.

"ಪ್ರಶ್ನೆ ಕೇಳ್ತಾರೇನೋ ಅಂತ ಕಾದೆ ಕಣೋ. ನಿಮ್ಮ ಭಾವ ಅಭಿಮಾನಿ ಅಲ್ವಾ!"

ನಾಚಿಕೆಗಿಂತ ದೊಡ್ಡ ಚಿಂತೆಯೊಂದು ನನ್ನನ್ನು ಕೊರೆಯತೊಡಗಿತ್ತು. "ಹಾಗಾದ್ರೆ, ನಾನು ನೋಡದೇ ಇದ್ದಾಗ..."

"ಗೆದ್ರು. ಅದಕ್ಕೇ ಇನ್ಮೇಲೆ ಮ್ಯಾಚ್ ದಿನ ಟಿವಿ ಹತ್ರ ಸುಳೀಬೇಡಿ. ಒಳಗೆ ಕೂತು ಬಟ್ಟೆ ಇಸ್ತ್ರಿ ಮಾಡಿ. ಆಮೇಲೆ ನೋಡಿ, ಸೋಲೇ ಇಲ್ಲ."

ಅಭಿಮಾನಿಯಾದವನು ಪ್ರಶ್ನೆ ಕೇಳಲೇಬೇಕು. ನಾನೂ ಕೇಳಿದೆ: "ಅಂಗಿಗಳಷ್ಟೇ ಸಾಕಾ, ಕಿಟಕಿ ಪರದೆಗಳಿಗೂ ಹಾಕ್ಲಾ? ಮುಂದಿನ ವಾರದ ಎದುರಾಳಿ ತಂಡ ಸ್ವಲ್ಪ ಗಟ್ಟಿ."