ಪೆನ್ಷನ್ ಬಿಟ್ಟರೆ ಬೇರೇನಿಲ್ಲ

ಟ್ಯಾಕ್ಸ್ ಫಾರಂ ತುಂಬಿಕೊಡುವ ಸಲ್ಮಾನನ ಅಂಗಡಿಯ ಬಾಗಿಲಿಗೆ 'ಮನೆಯಲ್ಲಿ ಮದುವೆ, ಎರಡು ದಿನ ರಜಾ' ಎಂಬ ಚೀಟಿ ಅಂಟಿಸಿದ್ದರು. ಟ್ಯಾಕ್ಸ್ ರಿಟರ್ನ್ ಸಲ್ಲಿಸಲು ಅಂದೇ ಕೊನೆಯ ದಿನ. ಶಿವಾಜಿನಗರದ ಆ ಗಲ್ಲಿಯಲ್ಲಿ, ಕೋಳಿ ಬುಟ್ಟಿಗಳ ನಡುವೆ, ಕಾಗದದ ಕವರು ಹಿಡಿದು ನಿಂತ ಮಧುಕರ್ ಗುರುತಿಲ್ಲದ ಆ ಮದುಮಕ್ಕಳಿಗೆ ಮನಸ್ಸಿನಲ್ಲೇ ಶಾಪ ಹಾಕಿದರು.

ಮಧುಕರ್ ಕೆಟ್ಟವರೇನಲ್ಲ. ಕೈ ಬಿಗಿ, ಅಷ್ಟೇ. ನಾಲ್ಕು ವರ್ಷದ ಹಿಂದೆ ಸರ್ಕಾರಿ ಕಚೇರಿಯಿಂದ ನಿವೃತ್ತರಾದಾಗ ಬಂದ ಇಪ್ಪತ್ತೆರಡು ಲಕ್ಷವನ್ನು ಬ್ಯಾಂಕಿನಲ್ಲಿ ಠೇವಣಿ ಇಟ್ಟರು. ಅದೇ ವಾರ ಜೋಗುಪಾಳ್ಯದ ತಂಗಿ ಅಣ್ಣಮ್ಮ ಬಂದು, ಮಗಳ ನರ್ಸಿಂಗ್ ಸೀಟಿಗೆ ಎರಡು ಲಕ್ಷ ಬೇಕಿತ್ತು ಅಂದಳು.

"ಪೆನ್ಷನ್ ಬಿಟ್ರೆ ನನ್ನತ್ರ ಬೇರೇನಿಲ್ಲಮ್ಮ. ಬಂದಿದ್ದೆಲ್ಲ ಮನೆ ಸಾಲಕ್ಕೆ ಹೋಯ್ತು" ಎಂದುಬಿಟ್ಟರು ಇವರು. ಅಣ್ಣಮ್ಮ ಎದ್ದು ಹೋದಳು. ಸೀಟು ತಪ್ಪಿತು. ಮಗಳು ಹಂಸ ಅಕೌಂಟ್ಸ್ ಕಲಿತು, ಮನೆಯ ಮುಂದಿನ ಕೋಣೆಯಲ್ಲಿ ಕಂಪ್ಯೂಟರ್ ಇಟ್ಟು, ಜನರ ಟ್ಯಾಕ್ಸ್ ಫಾರಂ ತುಂಬತೊಡಗಿದಳು. ಆಮೇಲೆ ಮಧುಕರ್ ಪ್ರತಿವರ್ಷ ಬಸ್ಸು ಹತ್ತಿ, ಸಲ್ಮಾನನಿಗೆ ಆರುನೂರು ತೆತ್ತು ಬರುತ್ತಿದ್ದರು. ಠೇವಣಿಯ ಬಡ್ಡಿ ಆ ಹುಡುಗಿಯ ಕಣ್ಣಿಗೆ ಬಿದ್ದರೆ ತಂಗಿಗೆ ಮುಖ ತೋರಿಸುವುದು ಹೇಗೆ?

ಹಲಸೂರಿನ ಮನೆಗೆ ವಾಪಸಾದರೆ ಜಗುಲಿಯ ಮೇಲೆ ಪಕ್ಕದ ಮನೆಯ ಮುನಿವೆಂಕಟಪ್ಪ ಕೂತಿದ್ದರು.

"ಅಯ್ಯೋ, ಅದಕ್ಯಾಕ್ರೀ ಒದ್ದಾಡ್ತೀರಾ? ಸಾಫ್ಟ್‌ವೇರೇ ಎಲ್ಲಾ ಮಾಡತ್ತೆ. ನಾವು ಬರೀ ಒತ್ತೋದು" ಎಂದು ಮೊಬೈಲು ಕಸಿದುಕೊಂಡರು.

ಒತ್ತಿದರು. ಪೆನ್ಷನ್ನನ್ನು 'ಇತರ ಆದಾಯ'ಕ್ಕೆ ಹಾಕಿದರು.

"ಸಂಬಳದ ಕಾಲಂ ಅಲ್ವಾ?" ಮಧುಕರ್ ಅಳುಕುತ್ತ ಕೇಳಿದರು.

"ಸಂಬಳ ಹೆಂಗಾಗತ್ರೀ? ಕೆಲಸಕ್ಕೆ ಹೋಗ್ತಿದೀರಾ ನೀವು?"

ಅಷ್ಟರಲ್ಲಿ ಬ್ಯಾಂಕಿನವರು ಟ್ಯಾಕ್ಸ್ ಇಲಾಖೆಗೆ ಮೊದಲೇ ಕಳಿಸಿದ್ದ ಅಂಕಿ ಪರದೆಯ ಮೇಲೆ ತಾನಾಗಿ ಮೂಡಿತು.

"ಏನ್ರೀ ಇದು, ಬಡ್ಡೀನೇ ಒಂದು ಲಕ್ಷ ಅರವತ್ತು ಸಾವಿರ!"

"ಮೆತ್ತಗೆ ಮಾತಾಡ್ರೀ."

ಎದುರು ಮನೆಯ ಮಹಡಿಯಲ್ಲಿ ಬಟ್ಟೆ ಒಣಹಾಕುತ್ತಿದ್ದ ಮಂಜುಳಮ್ಮ ಕೈಯಲ್ಲಿದ್ದ ಸೀರೆಯನ್ನು ಮರೆತು ನಿಂತರು. ಮುನಿವೆಂಕಟಪ್ಪ ಇನ್ನೊಮ್ಮೆ ಒತ್ತಿದರು. ಟ್ಯಾಕ್ಸ್ ಇಪ್ಪತ್ತನಾಲ್ಕೂವರೆ ಸಾವಿರ ಎಂದು ಬಂತು.

"ನಿಮ್ ತಂಗಿ ಮಗಳೇ ಇದನ್ನ ಮಾಡ್ತಾಳಲ್ಲ, ಅವಳತ್ರ ಹೋಗಿ" ಎಂದು ಮಹಡಿಯಿಂದ ಸಲಹೆ ಬಂತು.

"ಪಾಪ, ಅವಳಿಗ್ಯಾಕೆ ತೊಂದ್ರೆ..."

"ಸ್ವಂತ ಸೋದರಮಾವ, ತೊಂದ್ರೆ ಏನ್ರೀ? ಹತ್ತಿ" ಎಂದು ಮುನಿವೆಂಕಟಪ್ಪ ಸ್ಕೂಟರು ಹೊರಡಿಸಿಯೇ ಬಿಟ್ಟರು.

ದಾರಿಯಲ್ಲಿ ಮಧುಕರ್ ಒಂದು ಉಪಾಯ ಹೂಡಿದರು. ಬಡ್ಡಿಯ ಪುಟ ಬರುವ ಹೊತ್ತಿಗೆ ನೀರು ಕೇಳುವುದು. ಹುಡುಗಿ ಒಳಗೆ ಹೋದಾಗ ತಾವೇ ಮುಂದಿನ ಪುಟ ಒತ್ತಿಬಿಡುವುದು. ಇಪ್ಪತ್ತನಾಲ್ಕೂವರೆ ಸಾವಿರದ ಭಯಕ್ಕೆ ಅದು ಭಾರಿ ಉಪಾಯವಾಗಿಯೇ ಕಂಡಿತು.

ಮುನಿವೆಂಕಟಪ್ಪ ಅವರನ್ನು ಬಾಗಿಲಲ್ಲಿ ಇಳಿಸಿ ತರಕಾರಿಗೆ ಹೋದರು. ಹಂಸ ಕುರ್ಚಿ ಎಳೆದುಕೊಟ್ಟಳು.

"ಬರೀ ಪೆನ್ಷನ್ ಹಾಕಮ್ಮ. ಬೇರೇನಿಲ್ಲ."

"ಪೆನ್ಷನ್ ಸಂಬಳದ ಕಾಲಂಗೆ ಬರ್ಬೇಕು ಮಾವ. ಅಲ್ಲಿ ಹಾಕಿದ್ರೆ ಆದಾಯದಲ್ಲಿ ಎಪ್ಪತ್ತೈದು ಸಾವಿರ ಕಳೀತಾರೆ."

ಪುಟ ಕೆಳಗೆ ಸರಿಯಿತು.

"ಹಂಸಾ, ಒಂದ್ ಲೋಟ ನೀರು ಕೊಡಮ್ಮ."

ಹಂಸ ಕೂತಲ್ಲಿಂದ ಏಳಲೇ ಇಲ್ಲ. "ಅಮ್ಮಾ, ಮಾವಂಗೆ ನೀರಂತೆ" ಎಂದು ಕೂಗಿದಳು.

ಅಣ್ಣಮ್ಮ ನೀರಿನ ಜೊತೆ ಕಾಫಿಯನ್ನೂ ಹಿಡಿದು ಬಂದು, ನೇರ ಪರದೆಯ ಮುಂದೆ ನಿಂತಳು. ಬಡ್ಡಿ ಅಲ್ಲಿ ದಪ್ಪ ಅಂಕಿಗಳಲ್ಲಿ ಕೂತಿತ್ತು.

"ಅದು... ಫ್ರೆಂಡ್ ಒಬ್ಬನ ದುಡ್ಡು. ನನ್ನ ಹೆಸರಲ್ಲಿ ಇಟ್ಟಿದಾನೆ" ಎಂದರು ಮಧುಕರ್. ಅವರ ಮಾತು ಅವರಿಗೇ ಹೇಸಿಗೆಯಾಯಿತು.

ಅಣ್ಣಮ್ಮ ಲೋಟ ಕೆಳಗಿಟ್ಟಳು. "ಯಾಕಣ್ಣ, ಇವತ್ತು ಸಲ್ಮಾನ್ ಅಂಗ್ಡಿ ತೆಗ್ದಿಲ್ವಾ?"

ಮಧುಕರ್ ಪಿಳಿಪಿಳಿ ಕಣ್ಣು ಬಿಟ್ಟರು. ಹಂಸ ಕೀಲಿ ಒತ್ತುತ್ತಲೇ ಹೇಳಿದಳು: "ಸಲ್ಮಾನ್ ಭಾಯ್ ಬರೀ ಕಾಗದ ಈಸ್ಕೊಳ್ತಾರೆ ಮಾವ. ತುಂಬೋಕೆ ನನಗೇ ಕಳಿಸ್ತಾರೆ. ಮೂರು ವರ್ಷದಿಂದ ನಿಮ್ದು ನಾನೇ ಮಾಡ್ತಿರೋದು. ನಿಮ್ಮ ಆರ್ನೂರಲ್ಲಿ ನಂಗೆ ಇನ್ನೂರು ಬರತ್ತೆ."

ಆ ಮೂರು ವರ್ಷವೂ ರಾಖಿ ಹಬ್ಬಕ್ಕೆ ತಂಗಿ ತಪ್ಪದೆ ಬಂದು ಕೈಗೆ ದಾರ ಕಟ್ಟಿ ಹೋಗಿದ್ದಳು. ಮಧುಕರ್ ತಂಗಿಯ ಕಡೆ ತಿರುಗಿದರು.

"ಗೊತ್ತಿದ್ದೂ ಯಾಕಮ್ಮ ನನ್ನ ಕೇಳ್ಲಿಲ್ಲ?"

"ಕೇಳಿದ್ನಲ್ಲಣ್ಣ, ಒಂದ್ಸಲ" ಎಂದಳು ಅಣ್ಣಮ್ಮ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಾದರೂ ಇದ್ದಿದ್ದರೆ ಮಧುಕರ್ ಬದುಕಿಕೊಳ್ಳುತ್ತಿದ್ದರು. "ಕಾಫಿ ಆರ್ಹೋಗತ್ತೆ, ಕುಡಿ."

"ಟ್ಯಾಕ್ಸ್ ಸೊನ್ನೆ ಮಾವ. ಬಡ್ಡೀಲಿ ಬ್ಯಾಂಕಿನೋರು ಟ್ಯಾಕ್ಸ್ ಅಂತ ಹಿಡಿದಿದ್ದ ಹದಿನಾರು ಸಾವಿರ ವಾಪಸ್ ಬರತ್ತೆ" ಎಂದಳು ಹಂಸ.

ಮಧುಕರ್ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು. ಹಾಕಿಕೊಂಡು ಮತ್ತೆ ತೆಗೆದರು.

"ಆ ದುಡ್ಡು ನೀನೇ ಇಟ್ಕೊಳಮ್ಮ. ನಿನ್ನ ಅಕೌಂಟ್ ನಂಬರೇ ಹಾಕ್ಬಿಡು."

"ಆಗಲ್ಲ ಮಾವ" ಎಂದಳು ಹಂಸ, ಎಲ್ಲ ಗಿರಾಕಿಗಳಿಗೂ ಹೇಳುವ ಹಾಗೆಯೇ. "ಅದು ನಿಮಗೇ ಬರ್ಬೇಕು. ಬೇರೆಯವರ ಅಕೌಂಟ್ ಸಾಫ್ಟ್‌ವೇರ್ ತಗೊಳಲ್ಲ."